ಪಿಡಿ-ಎಲ್‌1 ಸ್ಲೈಡ್: ಎಣಿಸುವ ಮೊದಲು ಒಮ್ಮೆ ನೋಡಿ

ಶ್ವಾಸಕೋಶದ ಕ್ಯಾನ್ಸರ್ ಬಯಾಪ್ಸಿಗಳಿಗೆ ಪಿಡಿ-ಎಲ್‌1 ಪರೀಕ್ಷೆ ಮಾಡಿ ರಿಪೋರ್ಟ್ ಬರೆಯುವುದು ನನ್ನ ಕೆಲಸ. ಪರೀಕ್ಷೆಯಲ್ಲಿ ಈ ಪ್ರೋಟೀನ್ ಇರುವ ಜಾಗ ಕಂದು ಬಣ್ಣಕ್ಕೆ ತಿರುಗುತ್ತದೆ, ಹಾಗೆ ಬಣ್ಣ ಬಂದ ಕ್ಯಾನ್ಸರ್ ಕೋಶಗಳು ನೂರಕ್ಕೆ ಎಷ್ಟು ಅಂತ ಎಣಿಸುತ್ತೇವೆ. ಪೆಥಾಲಜಿ ಲ್ಯಾಬ್‌ಗೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಸ್ಲೈಡ್‌ನಲ್ಲಿ ಕಂದು ಬಣ್ಣ ಕಂಡ ಕೂಡಲೇ ಎಣಿಸಲು ಹೋಗಬೇಡಿ. ಆ ಬಣ್ಣ ಯಾವ ಕೋಶದ ಮೇಲೆ ಕೂತಿದೆ, ಅಲ್ಲಿಗೆ ಯಾಕೆ ಬಂತು ಅಂತ ತಿಳಿದುಕೊಳ್ಳಿ.

ನಮ್ಮ ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು ಗಡ್ಡೆಯೊಳಗೆ ನುಗ್ಗಿದಾಗ ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತದ ಪ್ರೋಟೀನ್ ಬಿಡುತ್ತವೆ. ಅದು ತಾಗಿದರೆ ಎಷ್ಟೋ ಕ್ಯಾನ್ಸರ್ ಕೋಶಗಳು ತಮ್ಮ ಮೈಮೇಲೆ ಪಿಡಿ-ಎಲ್‌1 ಎಂಬ ಪ್ರೋಟೀನನ್ನು ತಂದಿಟ್ಟುಕೊಳ್ಳುತ್ತವೆ. ಟಿ ಕೋಶದ ಮೇಲಿರುವ ಪಿಡಿ-1 ಎಂಬ ಪ್ರೋಟೀನಿಗೆ ಅದು ಅಂಟಿಕೊಂಡರೆ ಬ್ರೇಕ್ ಬಿದ್ದಂತೆ. ಕೊಲ್ಲಲು ಬಂದ ಕೋಶ ಪಕ್ಕದಲ್ಲೇ ಸುಮ್ಮನೆ ನಿಂತುಬಿಡುತ್ತದೆ. ಅಂದರೆ ಎಷ್ಟೋ ಸಲ ನಾವು ನೋಡುತ್ತಿರುವ ಕಂದು ಬಣ್ಣ ಅಲ್ಲಿ ಹೋರಾಟ ನಡೆದಿದೆ ಅನ್ನುವುದರ ಗುರುತು.

ಈ ಬ್ರೇಕ್ ಕ್ಯಾನ್ಸರ್ ಹುಟ್ಟಿಸಿದ್ದಲ್ಲ, ದೇಹದ್ದೇ. ಬಣ್ಣ ಸರಿಯಾಗಿ ಬಂದಿದೆಯಾ ಅಂತ ಹೋಲಿಸಲು ಕಂಟ್ರೋಲ್ ಆಗಿ ಇಡುವ ಮಾಸಿನ (ಪ್ಲಸೆಂಟಾ) ಸ್ಲೈಡ್ ನೋಡಿ, ಗಾಢವಾಗಿ ಬಣ್ಣ ಹಿಡಿದಿರುತ್ತದೆ. ತಾಯಿಯ ದೇಹ ಮಗುವನ್ನು ಹೊರಗಿನದು ಅಂತ ದೂಡದಿರಲು ಇದೂ ಒಂದು ಕಾರಣ. ನನಗಂತೂ ಇದು ಪ್ರತಿ ಸಲವೂ ಬೆರಗು ಹುಟ್ಟಿಸುತ್ತದೆ. ಜಪಾನಿನ ತಸುಕು ಹೊಂಜೊ ಅವರ ಲ್ಯಾಬ್ 1992ರಲ್ಲಿ ಪಿಡಿ-1 ಕಂಡುಹಿಡಿಯಿತು. 2018ರಲ್ಲಿ ಅವರಿಗೂ ಜೇಮ್ಸ್ ಆಲಿಸನ್ ಅವರಿಗೂ ಇಂಥ ಬ್ರೇಕ್ ಬಿಡಿಸಿ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡುವ ದಾರಿ ತೋರಿದ್ದಕ್ಕೆ ನೊಬೆಲ್ ಬಂತು.

ಎಣಿಕೆಯಲ್ಲಿ ಜಾಸ್ತಿ ತೊಂದರೆ ಕೊಡುವುದು ರೋಗಾಣು, ಸತ್ತ ಕೋಶಗಳನ್ನು ನುಂಗುವ ರಕ್ಷಣಾ ಕೋಶಗಳಾದ ಮ್ಯಾಕ್ರೋಫೇಜ್‌ಗಳು. ಅವೂ ಬಣ್ಣ ಹಿಡಿಯುತ್ತವೆ, ಗಡ್ಡೆಯ ನಡುವೆಯೇ ಇರುತ್ತವೆ. ಶ್ವಾಸಕೋಶದ ಟಿಪಿಎಸ್ (ಬಣ್ಣ ಹಿಡಿದ ಕ್ಯಾನ್ಸರ್ ಕೋಶಗಳ ಶೇಕಡಾವಾರು) ಲೆಕ್ಕಕ್ಕೆ ಅವನ್ನು ಸೇರಿಸುವಂತಿಲ್ಲ. ಪಕ್ಕದಲ್ಲಿ ಎಚ್ ಅಂಡ್ ಇ ಸ್ಲೈಡ್ (ಕೋಶಗಳ ಆಕಾರ ತೋರಿಸುವ ಮಾಮೂಲಿ ಬಣ್ಣದ್ದು) ಇಟ್ಟುಕೊಂಡು ತಾಳೆ ನೋಡಲೇಬೇಕು. ಟಿಪಿಎಸ್ ಶೇ. 50 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕೀಮೋ ಇಲ್ಲದೆ, ಪಿಡಿ-1 ಬ್ರೇಕ್ ಬಿಡಿಸುವ ಪೆಂಬ್ರೊಲಿಜುಮ್ಯಾಬ್ ಒಂದನ್ನೇ ಕೊಡುವ ದಾರಿ ತೆರೆಯುತ್ತದೆ. ಆ ಔಷಧಕ್ಕೆ ಲಕ್ಷಗಟ್ಟಲೆ ಹಣ ಬೇಕು, ಹೊಲ ಮಾರುವವರೂ ಇದ್ದಾರೆ. ನಾವು ಬರೆಯುವ ಸಂಖ್ಯೆಗೆ ಅಷ್ಟು ತೂಕ ಇದೆ ಅಲ್ವಾ?

ಬಣ್ಣವೇ ಇಲ್ಲದ ಗಡ್ಡೆಗಳೂ ರೋಗನಿರೋಧಕ ಶಕ್ತಿಯಿಂದ ತಪ್ಪಿಸಿಕೊಳ್ಳುತ್ತವೆ. ಕೆಲವು ಗಡ್ಡೆಗಳು, ಟಿ ಕೋಶಗಳಿಗೆ ಗುರುತು ಸಿಗದಂತೆ, ಎಂಎಚ್‌ಸಿ ಪ್ರೋಟೀನನ್ನೇ ಕಳಚಿಕೊಳ್ಳುತ್ತವೆ. ಕೆಲವು ದಾಳಿಯನ್ನು ತಣಿಸುವ ಟಿ-ರೆಗ್ ಕೋಶಗಳನ್ನು ಕರೆಸಿಕೊಳ್ಳುತ್ತವೆ. ಹಾಗಾಗಿ ಸಂಖ್ಯೆ ಕಡಿಮೆ ಇದ್ದೂ ಔಷಧ ಫಲಿಸಿದವರಿದ್ದಾರೆ, ಜಾಸ್ತಿ ಇದ್ದೂ ಫಲಿಸದವರಿದ್ದಾರೆ.

ಇನ್ನೊಂದು ಮಾತು. ಸ್ಲೈಡ್‌ನಲ್ಲಿ ಜೀವಂತ ಕ್ಯಾನ್ಸರ್ ಕೋಶಗಳು ಕನಿಷ್ಠ 100 ಇರಬೇಕು. ಇಲ್ಲದಿದ್ದರೆ ಅಂದಾಜಿನ ಸಂಖ್ಯೆ ಕೊಡಬೇಡಿ. ‘ಮಾದರಿ ಸಾಲದು’ ಅಂತ ಬರೆದು, ಬೇರೆ ಬ್ಲಾಕ್ (ಮೇಣದಲ್ಲಿ ಇಟ್ಟ ಅಂಗಾಂಶದ ತುಂಡು) ಇದೆಯಾ ಅಂತ ಡಾಕ್ಟರಿಗೆ ಅವತ್ತೇ ಫೋನ್ ಮಾಡಿ.