ಅಲ್ಲಿ ಜನಕ್ಕೆ ಭಯ ಆಗಲ್ವಾ?

ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೂತರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. "ತೈವಾನ್‌ನಲ್ಲಿದ್ದೆಯಂತೆ. ಚೀನಾದವರು ಯಾವಾಗ ನುಗ್ತಾರೋ ಅಂತ ಅಲ್ಲಿ ಜನಕ್ಕೆ ಭಯ ಆಗಲ್ವಾ?" ಎಂದು ಯಾರಾದರೂ ಮಾವನೋ ಚಿಕ್ಕಪ್ಪನೋ ಕೇಳುತ್ತಾರೆ. ಸಾರು ಬರುವಷ್ಟರಲ್ಲಿ ಹೇಳಿ ಮುಗಿಸಬೇಕಲ್ಲ, "ಇಲ್ಲ ಮಾವ, ಆರಾಮಾಗಿದ್ದಾರೆ" ಅಂದುಬಿಡುತ್ತೇನೆ. ಅದು ಅರ್ಧ ಸುಳ್ಳು. ಉಳಿದರ್ಧ ಇಲ್ಲಿ ಬರೆಯುತ್ತೇನೆ.

ಮೊದಲು ಜಗಳ ಏನು ಅಂತ ಚುಟುಕಾಗಿ. 1895ರಲ್ಲಿ ಯುದ್ಧ ಸೋತ ಚೀನಾ ತೈವಾನನ್ನು ಜಪಾನಿಗೆ ಬಿಟ್ಟುಕೊಟ್ಟಿತು. ಐವತ್ತು ವರ್ಷ ಜಪಾನಿನ ಆಳ್ವಿಕೆ. 1945ರಲ್ಲಿ ಜಪಾನ್ ಸೋತಾಗ ಅದು ಆಗ ಚೀನಾವನ್ನು ಆಳುತ್ತಿದ್ದ ಚಿಯಾಂಗ್ ಕೈ ಶೇಕ್ ಸರ್ಕಾರದ ಕೈಗೆ ಬಂತು. ನಾಲ್ಕೇ ವರ್ಷದಲ್ಲಿ ಆ ಸರ್ಕಾರ ಕಮ್ಯುನಿಸ್ಟ್ ನಾಯಕ ಮಾವೋ ಕೈಯಲ್ಲಿ ಸೋತು, ಗಂಟುಮೂಟೆ ಕಟ್ಟಿಕೊಂಡು ಅದೇ ದ್ವೀಪಕ್ಕೆ ಓಡಿಬಂತು. ಮಾವೋ ಕಟ್ಟಿದ ಬೀಜಿಂಗ್ ಸರ್ಕಾರ ತೈವಾನನ್ನು ಒಂದು ದಿನವೂ ಆಳಿಲ್ಲ. ಆದರೂ ಅದು ನಮ್ಮದೇ ಅನ್ನುತ್ತದೆ. ಇತ್ತ 2.3 ಕೋಟಿ ಜನ ತಮ್ಮದೇ ದುಡ್ಡು, ಸೈನ್ಯ, ಪಾಸ್‌ಪೋರ್ಟ್, ಚುನಾವಣೆ ಇಟ್ಟುಕೊಂಡು ಬದುಕುತ್ತಿದ್ದಾರೆ. ಇವರನ್ನು ದೇಶ ಅಂತ ಅಧಿಕೃತವಾಗಿ ಒಪ್ಪಿದ್ದು ಹತ್ತು ಹನ್ನೆರಡು ಪುಟ್ಟ ಸರ್ಕಾರಗಳು. ನಾವೂ ಒಪ್ಪಿಲ್ಲ. ನನಗೆ ವೀಸಾ ಕೊಟ್ಟ ಕಚೇರಿಯ ಹೆಸರು 'ತೈಪೆ ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರ'. ರಾಯಭಾರ ಕಚೇರಿ ಅನ್ನುವ ಹಾಗಿಲ್ಲ.

ಇನ್ನು ಭಯದ ವಿಷಯ. ನಾನಿದ್ದದ್ದು ಶಿನ್‌ಚು ಊರಲ್ಲಿ, ಕಂಪ್ಯೂಟರ್ ಚಿಪ್ ಕಾರ್ಖಾನೆಗಳ ಊರು. 2024ರ ಜನವರಿ 9, ಮಧ್ಯಾಹ್ನ. ಆಫೀಸಿನ ಎಲ್ಲರ ಫೋನೂ ಒಟ್ಟಿಗೆ ಕಿರುಚಿದವು. ತೆರೆ ಮೇಲೆ ಚೀನೀ ಅಕ್ಷರಗಳು, ಕೆಳಗೆ ಇಂಗ್ಲಿಷಿನಲ್ಲಿ 'ಮಿಸೈಲ್' ಅಂತ. ನನಗೆ ಓದೋಕೆ ಬರುವುದು ಅದೊಂದೇ. ಎದೆ ಧಸಕ್ಕೆಂದಿತು. ಪಕ್ಕದ ಟೇಬಲಿನವಳು ಫೋನ್ ನೋಡಿ, ಮತ್ತೆ ಕೀಬೋರ್ಡಿಗೆ ಕೈ ಹಾಕಿದಳು. ಚೀನೀ ಭಾಷೆಯಲ್ಲಿ 'ಉಪಗ್ರಹ' ಅಂತ ಸರಿಯಾಗಿಯೇ ಇತ್ತಂತೆ. ಚೀನಾ ಹಾರಿಸಿದ ಉಪಗ್ರಹ ದ್ವೀಪದ ದಕ್ಷಿಣದ ಮೇಲೆ ಹಾದುಹೋಗಿತ್ತು, ತಪ್ಪು ಇಂಗ್ಲಿಷಿನಲ್ಲಿ ಮಾತ್ರ. ನಾಲ್ಕು ದಿನ ಬಿಟ್ಟು ಅಧ್ಯಕ್ಷರ ಚುನಾವಣೆ. ಜನ ಸಾಲಲ್ಲಿ ನಿಂತು ಓಟು ಹಾಕಿ ಬಂದರು.

ಹಾಗಂತ ಅವಳಿಗೆ ಭಯ ಇಲ್ಲ ಅಂತಲ್ಲ. ನಾಲ್ಕು ತಿಂಗಳಿದ್ದ ಕಡ್ಡಾಯ ಸೈನಿಕ ಸೇವೆಯನ್ನು ಆ ವರ್ಷದಿಂದ ಒಂದು ವರ್ಷಕ್ಕೆ ಏರಿಸಿದರು. ಅವಳ ತಮ್ಮ ಅದರ ಲೆಕ್ಕಕ್ಕೆ ಬಿದ್ದ. ಆ ವಾರ ಅವಳು ಸರಿಯಾಗಿ ಊಟ ಮಾಡಲಿಲ್ಲ.

ನನಗೆ ಈ ಭಯ ಎಂಥದ್ದು ಅಂತ ಅರ್ಥವಾಗಿದ್ದು ಕಿನ್‌ಮೆನ್‌ನಲ್ಲಿ. ಇದು ತೈವಾನ್ ಕೈಯಲ್ಲಿರುವ, ಆದರೆ ಚೀನಾದ ಕರಾವಳಿಗೆ ಅಂಟಿಕೊಂಡಂತಿರುವ ಪುಟ್ಟ ದ್ವೀಪ. ಬೀಚಿನಲ್ಲಿ ನಿಂತರೆ ಎದುರಿಗೇ ಶಿಯಾಮೆನ್ ನಗರದ ಗಗನಚುಂಬಿ ಕಟ್ಟಡಗಳು. ಕಾಲಬುಡದ ಮರಳಿನಲ್ಲಿ, ಇಳಿಯುವ ದೋಣಿಗಳನ್ನು ಸೀಳೋಕೆ ಓರೆಯಾಗಿ ನೆಟ್ಟ ರೈಲುಕಂಬಿಗಳು, ತುಕ್ಕು ಹಿಡಿದು ನಿಂತಿವೆ. ನನ್ನ ಫೋನಿಗೆ ಚೀನಾದ ನೆಟ್‌ವರ್ಕ್ ಸಿಕ್ಕಿ 'ಚೀನಾಕ್ಕೆ ಸ್ವಾಗತ' ಅಂತ ಮೆಸೇಜ್ ಬಂತು. ನಿಂತಲ್ಲೇ ವಿದೇಶ ಪ್ರವಾಸ!

1958ರ ಆಗಸ್ಟ್ 23ರಿಂದ 44 ದಿನ ಈ ದ್ವೀಪದ ಮೇಲೆ ಚೀನಾದ ನಾಲ್ಕು ಲಕ್ಷಕ್ಕೂ ಜಾಸ್ತಿ ಫಿರಂಗಿ ಶೆಲ್ ಬಿದ್ದವು. ಆಮೇಲೆ ನಡೆದದ್ದು ಇನ್ನೂ ವಿಚಿತ್ರ. ಬೆಸ ತಾರೀಖಿನ ದಿನ ಮಾತ್ರ ಹೊಡೆಯುತ್ತೇವೆ, ಸರಿ ತಾರೀಖಿಗೆ ಬಿಡುವು ಎಂದು ಚೀನಾ ತಾನೇ ಸಾರಿತು. ಬರಬರುತ್ತಾ ಶೆಲ್‌ನೊಳಗೆ ಸಿಡಿಮದ್ದಿನ ಬದಲು ಪ್ರಚಾರದ ಕರಪತ್ರ ತುಂಬಿ ಹಾರಿಸಿದರು. ಇವರೂ ಆ ಕಡೆಗೆ ಹಾಗೇ ಹಾರಿಸಿದರು. ಇದು ನಿಂತದ್ದು 1979ರ ಜನವರಿ 1ರಂದು, ಅಮೆರಿಕ ಬೀಜಿಂಗ್ ಜೊತೆ ರಾಜತಾಂತ್ರಿಕ ಸಂಬಂಧ ಶುರುಮಾಡಿದ ದಿನ.

ನಾನು ಉಳಿದುಕೊಂಡಿದ್ದ ಮನೆಯ ಅಜ್ಜಿ ಆಗ ಶಾಲೆಗೆ ಹೋಗುವ ಹುಡುಗಿ. ಬೆಸ ದಿನ ಬೇಗ ಊಟ ಮುಗಿಸಿ, ಪಾತ್ರೆ ತೊಳೆಯದೆ ನೆಲಮಾಳಿಗೆಗೆ ಇಳಿಯೋದು. ಸರಿ ದಿನ ಬಟ್ಟೆ ಒಗೆಯೋದು, ನೆಂಟರ ಮನೆಗೆ ಹೋಗೋದು. "31 ಇರೋ ತಿಂಗಳು ಬೇಜಾರು" ಅಂದರು. ನನಗೆ ಒಂದು ಕ್ಷಣ ಹೊಳೆಯಲಿಲ್ಲ. 31 ಬೆಸ, ಮಾರನೇ ದಿನ 1, ಅದೂ ಬೆಸ! ಎರಡು ದಿನದ ಪಾತ್ರೆ ಒಟ್ಟಿಗೆ ಬೀಳುತ್ತಿತ್ತು.

ಮಾವ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ. ಭಯ ಇದೆ. ಅದನ್ನು ಕ್ಯಾಲೆಂಡರಿಗೆ ಹೊಂದಿಸಿಕೊಂಡು ಬದುಕುವುದು ಮನೆಗೆಲಸದಷ್ಟೇ ಮಾಮೂಲಿ ಆಗಿದೆ.

"ಸುಮ್ನೆ ಸ್ವಾತಂತ್ರ್ಯ ಘೋಷಿಸಿಬಿಡಬಾರದಾ?" ಅಂತ ಮುಂದಿನ ಪ್ರಶ್ನೆ. ಹಾಗೆ ಮಾಡಿದರೆ ಬಲ ಪ್ರಯೋಗಿಸುತ್ತೇವೆ ಅಂತ ಚೀನಾ 2005ರಲ್ಲಿ ಕಾನೂನೇ ಮಾಡಿಟ್ಟಿದೆ. ಸರಿ, ಸೇರಿಕೊಂಡುಬಿಡೋಣ ಅಂದರೆ, ಸ್ವಾಯತ್ತತೆಯ ಮಾತು ಕೊಟ್ಟು ಆಮೇಲೆ ಚೀನಾ ಬಿಗಿ ಹಿಡಿದ ಹಾಂಗ್‌ಕಾಂಗ್ ಕಥೆ ಕಣ್ಣೆದುರಿಗಿದೆ. ತೈವಾನಿನವರಿಗೂ ಓಟು ಬಿಟ್ಟಿ ಸಿಕ್ಕಿದ್ದಲ್ಲ. 1949ರಿಂದ 1987ರವರೆಗೆ 38 ವರ್ಷ ಅವರದೇ ಸರ್ಕಾರದ ಮಾರ್ಷಲ್ ಲಾ, ಅಂದರೆ ಸೈನ್ಯದ ಕಾನೂನು. ಅಧ್ಯಕ್ಷರನ್ನು ಮೊದಲ ಸಲ ನೇರವಾಗಿ ಆರಿಸಿದ್ದು 1996ರಲ್ಲಿ, ಅದೂ ಚೀನಾ ಹತ್ತಿರದ ಸಮುದ್ರಕ್ಕೆ ಕ್ಷಿಪಣಿ ಹಾರಿಸಿ ಹೆದರಿಸುತ್ತಿರುವಾಗ. ಸಮೀಕ್ಷೆ ಮಾಡಿದಾಗಲೆಲ್ಲ ಹೆಚ್ಚಿನವರು 'ಸದ್ಯಕ್ಕೆ ಹೀಗೇ ಇರಲಿ' ಅನ್ನುವುದು ಅದಕ್ಕೇ. ಇದನ್ನು ಪುಕ್ಕಲುತನ ಅನ್ನುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಶೆಲ್ ಬೀಳುವುದು ಅವರ ಮನೆ ಮೇಲೆ, ನಮ್ಮ ಪಂಕ್ತಿ ಮೇಲಲ್ಲ.

ಹೊರಡುವ ದಿನ ಒಂದು ಚಾಕು ತಂದೆ. ಬಿದ್ದ ಶೆಲ್‌ಗಳ ಉಕ್ಕು ಕಾಯಿಸಿ, ಬಡಿದು ಮಾಡಿದ್ದು. ಕಿನ್‌ಮೆನ್ ಹೆಸರುವಾಸಿಯಾಗಿರುವುದೇ ಈ ಚಾಕುವಿಗೆ. ಅಮ್ಮ ಈಳಿಗೆ ಮಣೆ ಬಿಟ್ಟು ಬೇರೇನನ್ನೂ ಮುಟ್ಟುವವರಲ್ಲ, ಈಗ ಹುರುಳಿಕಾಯಿಗೆ ಅದನ್ನೇ ಎತ್ತಿಕೊಳ್ಳುತ್ತಾರೆ.

ಯುದ್ಧ ಆಗುತ್ತಾ ಅಂತ ಆ ಅಜ್ಜಿಯನ್ನೂ ಕೇಳಿದ್ದೆ. ಅವರು ಗೋಡೆ ಗಡಿಯಾರ ನೋಡಿದರು. ಮಾರನೇ ದಿನ ಶಿಯಾಮೆನ್‌ಗೆ ಬೆಳಗಿನ ದೋಣಿ, ಅರ್ಧ ಗಂಟೆಯ ದಾರಿ. ಮೊಮ್ಮಗಳಿಗೆ ಬಟ್ಟೆ ತರಬೇಕಿತ್ತಂತೆ, ಅಲ್ಲಿ ಅಗ್ಗ.