ಸೇತುವೆ ಮೇಲೆ ಕೈಕೊಡುತ್ತಿದ್ದ ಕ್ರೂಸ್ ಕಂಟ್ರೋಲ್

ಗ್ಯಾರೇಜಿನಲ್ಲಿ ನಾನು ನೋಡಿಕೊಳ್ಳುವುದು ವೈರಿಂಗ್ ಕೆಲಸ. ಉಳಿದವರು "ಇದು ಎಲೆಕ್ಟ್ರಿಕಲ್ ಇರಬೇಕು" ಎಂದು ಕೈತೊಳೆದುಕೊಂಡ ಗಾಡಿಗಳೆಲ್ಲ ಕೊನೆಗೆ ನನ್ನ ಪಾಲಿಗೆ ಬರುತ್ತವೆ. ಹಾಗೆ ಬಂದದ್ದೇ 20 ವರ್ಷ ದಾಟಿದ ಆ ಸೆಡಾನ್.

ತಂದವರು ಒಬ್ಬ ಮೇಡಂ. "ಸೇತುವೆ ಬಂತು ಅಂದ್ರೆ ಸಾಕು, ಕ್ರೂಸ್ ಆಫ್ ಆಗಿಬಿಡತ್ತೆ" ಅಂದರು. ಕ್ರೂಸ್ ಅಂದರೆ ಕ್ರೂಸ್ ಕಂಟ್ರೋಲ್: ಆಕ್ಸಿಲರೇಟರ್ ಮೇಲೆ ಕಾಲಿಡದಿದ್ದರೂ ಸೆಟ್ ಮಾಡಿದ ವೇಗವನ್ನು ಗಾಡಿ ತಾನೇ ಕಾಯ್ದುಕೊಳ್ಳುತ್ತದೆ, ಬ್ರೇಕ್ ಒತ್ತಿದರೆ ಆಫ್ ಆಗುತ್ತದೆ. ಅವರು ಮಾತು ಮುಗಿಸುವ ಮೊದಲೇ ನನ್ನ ತಲೆಯಲ್ಲಿ ಉತ್ತರ ರೆಡಿ ಇತ್ತು. ಸೇತುವೆ ಅಂದರೆ ಏರು. ಏರು ಅಂದರೆ ವ್ಯಾಕ್ಯೂಮ್, ಅಂದರೆ ಗಾಳಿಯ ಸೆಳೆತದ ಸಮಸ್ಯೆ.

ಹೀಗೆ ಯೋಚಿಸಿದ್ದಕ್ಕೆ ಕಾರಣ ಇತ್ತು. ಈಗಿನ ಕಾರುಗಳಲ್ಲಿ ಥ್ರಾಟಲ್, ಅಂದರೆ ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು, ತೆರೆಯುವುದು ಕಂಪ್ಯೂಟರ್. ಹಳೆಯ ಕಾರುಗಳಲ್ಲಿ ಕ್ರೂಸ್‌ಗೆ ಅಂತಲೇ ಬೇರೆ ಕೇಬಲ್ ಇರುತ್ತದೆ. ಅದನ್ನು ಎಳೆಯುವುದು ಆಕ್ಚುಯೇಟರ್. ಕೆಲವದರಲ್ಲಿ ಮೋಟಾರ್ ಎಳೆಯುತ್ತದೆ. ಈ ಗಾಡಿಯಲ್ಲಿದ್ದದ್ದು ಡಯಾಫ್ರಮ್ ಎಂಬ ರಬ್ಬರ್ ಪೊರೆ ಇರುವ ಡಬ್ಬಿ. ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಹುಟ್ಟುವ ವ್ಯಾಕ್ಯೂಮ್ ಆ ಡಯಾಫ್ರಮ್ಮನ್ನು ಸೆಳೆಯುತ್ತದೆ, ಅದು ಕೇಬಲ್ ಎಳೆಯುತ್ತದೆ. ಆದರೆ ಏರಿನಲ್ಲಿ ಥ್ರಾಟಲ್ ಜಾಸ್ತಿ ತೆರೆದಷ್ಟೂ ವ್ಯಾಕ್ಯೂಮ್ ಇಳಿಯುತ್ತದೆ. ಅಂದರೆ ಬಲ ಬೇಕಾದ ಹೊತ್ತಿಗೇ ಬಲ ಕಡಿಮೆ. ಅದಕ್ಕೇ ವ್ಯಾಕ್ಯೂಮ್ ಬರುವ ಹೋಸಿನ ದಾರಿಯಲ್ಲಿ ಒಂದು ಒನ್‌ವೇ ವಾಲ್ವ್, ಕೆಲವು ಗಾಡಿಗಳಲ್ಲಿ ಸಣ್ಣ ಟ್ಯಾಂಕ್ ಕೂಡ ಇಟ್ಟಿರುತ್ತಾರೆ. ಹೋಸ್ ಸೋರಿದರೆ ಏರಿನಲ್ಲಿ ಕ್ರೂಸ್ ಸೋಲುವುದು ಖಂಡಿತ.

ಹೋಸ್ ನೋಡಿದೆ. ಬಿರುಕು ಬಿಟ್ಟಿತ್ತು! ತಪ್ಪು ದಾರಿ ಹಿಡಿದವನಿಗೆ ಇಂಥ ಸಾಕ್ಷಿ ಸಿಗಲೇಬಾರದು. ಹೋಸ್, ವಾಲ್ವ್ ಎರಡನ್ನೂ ಬದಲಿಸಿದೆ. ಬ್ರೇಕ್ ಲೈಟನ್ನೂ ನೋಡಿದೆ. ಹುಡುಗನನ್ನು ಗಾಡಿ ಹಿಂದೆ ನಿಲ್ಲಿಸಿ ಪೆಡಲ್ ಒತ್ತಿದೆ. "ಹತ್ತಿತು ಅಣ್ಣಾ" ಅಂದ. ಅಲ್ಲಿಗೆ ಬಿಟ್ಟೆ. ಪೆಡಲ್ ಕೆಳಗೆ ಮ್ಯಾಟ್ ಮೇಲೆ ಬಿಸ್ಕತ್ತಿನ ಪುಡಿಯಂಥ ಪ್ಲಾಸ್ಟಿಕ್ ಚೂರುಗಳು ಬಿದ್ದಿದ್ದವು. ಗಾಡಿ ಕೊಡುವ ಮುಂಚೆ ಚೊಕ್ಕಟ ಇರಲಿ ಎಂದು ಅದನ್ನೂ ಗುಡಿಸಿ ಹಾಕಿದೆ. ಈ ಪುಡಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಒಂದು ವಾರಕ್ಕೆ ಗಾಡಿ ವಾಪಸ್. ಅದೇ ದೂರು. ನನಗೆ ಹಠ. ಹೋಸ್ ಅಲ್ಲದಿದ್ದರೆ ಡಯಾಫ್ರಮ್ಮೇ ಹರಿದಿರಬೇಕು ಎಂದು ಸೆಕೆಂಡ್‌ಹ್ಯಾಂಡ್ ಆಕ್ಚುಯೇಟರ್ ಹುಡುಕಿ ಹಾಕಿದೆ. ಮತ್ತೆ ವಾಪಸ್. ಮೇಡಂ ರೇಗಲಿಲ್ಲ. "ನೀವೇ ಒಂದ್ಸಲ ನನ್ನ ಪಕ್ಕ ಕೂತು ನೋಡ್ತೀರಾ?" ಅಂದರು. ಇದನ್ನು ಮೊದಲ ದಿನವೇ ನಾನು ಕೇಳಬೇಕಿತ್ತು.

80ಕ್ಕೆ ಸೆಟ್ ಮಾಡಿದರು. ಸೇತುವೆಯ ಏರು ಬಂತು. ಕ್ರೂಸ್ ಆರಾಮಾಗಿ ಹತ್ತಿತು, ಮುಳ್ಳು ಅಲ್ಲಾಡಲಿಲ್ಲ. ಸೇತುವೆಯ ಮೇಲೆ ಮೊದಲ ಜಾಯಿಂಟ್, ಅಂದರೆ ಎರಡು ತುಂಡು ಸೇರುವ ಸಂದು, ಸಿಕ್ಕಿತು. ದಡ್! ಕ್ರೂಸ್ ಹೋಯಿತು. ಅವರು ಮೊದಲು ಸೆಟ್ ಮಾಡಿದ ವೇಗಕ್ಕೆ ಮರಳಿಸುವ ರೆಸ್ಯೂಮ್ ಬಟನ್ ಒತ್ತಿದರು. ಗಾಡಿ ತಾನಾಗಿ 80ಕ್ಕೆ ಬಂತು. ಮುಂದಿನ ಜಾಯಿಂಟ್, ಮತ್ತೆ ದಡ್, ಮತ್ತೆ ಆಫ್.

"ನಾನು ಸೇತುವೆ ಅಂದೆ. ಏರು ಅನ್ನಲಿಲ್ಲ" ಅಂದರು ಮೇಡಂ. ನಾನು ಕಿಟಕಿಯಾಚೆ ನೋಡಿದೆ.

ಆ ಒಂದು ಸುತ್ತಿನಲ್ಲಿ ಎರಡು ವಿಷಯ ಬಯಲಾಗಿತ್ತು. ವ್ಯಾಕ್ಯೂಮ್ ಸಾಲದಿದ್ದರೆ ವೇಗ ಮೆಲ್ಲಗೆ ಕುಸಿಯುತ್ತದೆ, ಹೀಗೆ ಪಟ್ಟಂತ ಹೋಗುವುದಿಲ್ಲ. ಎರಡನೆಯದು ರೆಸ್ಯೂಮ್. ಕರೆಂಟ್ ಕಡಿದಿದ್ದರೆ ಇಂಥ ಗಾಡಿಯಲ್ಲಿ ಸೆಟ್ ಮಾಡಿದ ವೇಗವೂ ಮರೆತುಹೋಗುತ್ತದೆ. ಇಲ್ಲಿ ನೆನಪಿತ್ತು. ಅಂದರೆ ಯಾರೋ ಬ್ರೇಕ್ ಒತ್ತಿದರು ಎಂದೇ ಕ್ರೂಸ್ ನಡೆಸುವ ಮಾಡ್ಯೂಲ್ ತಿಳಿದಿದೆ.

ಬ್ರೇಕ್ ಪೆಡಲ್ ಮೇಲಿನ ಸ್ವಿಚ್‌ಗೆ ನಾಲ್ಕು ವಯರ್. ಎರಡು ಲೈಟ್‌ನದು, ಕಾಲಿಟ್ಟಾಗ ಕೂಡುತ್ತದೆ. ಇನ್ನೆರಡು ಕ್ರೂಸ್‌ನದು, ಕಾಲಿಟ್ಟಾಗ ಕಡಿಯುತ್ತದೆ. ಈ ಗಾಡಿಯಲ್ಲಿ ಲೈಟ್ ಹತ್ತುವುದಕ್ಕಿಂತ ಒಂದು ಕೂದಲೆಳೆ ಮೊದಲೇ ಕ್ರೂಸ್ ಕಡಿಯುತ್ತಿತ್ತು. ಕ್ರೂಸ್ ವಯರ್‌ಗಳಿಗೆ ಮೀಟರ್ ಹಚ್ಚಿ ಬೀಪ್‌ಗೆ ಇಟ್ಟೆ, ಎರಡೂ ಕೂಡಿರುವಷ್ಟು ಹೊತ್ತು ಅದು ಕೂಗುತ್ತದೆ. ಪೆಡಲ್ ಮುಟ್ಟದೆ ಪಕ್ಕದ ಬ್ರಾಕೆಟ್‌ಗೆ ಮುಷ್ಟಿಯಿಂದ ಗುದ್ದಿದೆ. ಬೀಪ್ ನಡುವೆ ತುಂಡಾಯಿತು. ಹಿಂದಿನ ಲೈಟ್ ಮಾತ್ರ ಹತ್ತಲಿಲ್ಲ. ನಾನು ಮೊದಲ ದಿನ ನೋಡಿದ್ದು ಕಾಲಿಟ್ಟರೆ ಲೈಟ್ ಹತ್ತುತ್ತದಾ ಅಂತ. ನೋಡಬೇಕಿದ್ದದ್ದು ಕಾಲು ತೆಗೆದಾಗ ಸ್ವಿಚ್ ಸುಮ್ನೆ ಇರುತ್ತದಾ ಅಂತ.

ಸ್ವಿಚ್ ಚೆನ್ನಾಗೇ ಇತ್ತು. ಪೆಡಲ್ ತೋಳಿನ ತೂತಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಬಿಲ್ಲೆ ಕೂರುತ್ತದೆ, ಸ್ವಿಚ್‌ನ ಕಡ್ಡಿಯನ್ನು ಒತ್ತಿ ಹಿಡಿಯುವುದು ಅದೇ. ಬಿಸಿಲು, ವಯಸ್ಸು ಸೇರಿ ಅದು ಅರ್ಧ ಪುಡಿಯಾಗಿತ್ತು. ನಾನು ಗುಡಿಸಿ ಹಾಕಿದ್ದ ಬಿಸ್ಕತ್ತಿನ ಪುಡಿ ಅದೇ. ಪೂರ್ತಿ ಉದುರಿದ್ದರೆ ಬ್ರೇಕ್ ಲೈಟ್ ಆರದೆ ರಾತ್ರಿಯೆಲ್ಲ ಉರಿದು ಬ್ಯಾಟರಿ ಖಾಲಿಯಾಗುತ್ತಿತ್ತು, ಆಗ ಯಾರಿಗಾದರೂ ಗೊತ್ತಾಗುತ್ತಿತ್ತು. ಅರ್ಧ ಉಳಿದದ್ದೇ ತೊಂದರೆಯಾಯಿತು. ಹೊಸ ಬಿಲ್ಲೆ ಕೂರಿಸಿ ಸ್ವಿಚ್ ಅಡ್ಜಸ್ಟ್ ಮಾಡಲು ಹತ್ತು ನಿಮಿಷ ಸಾಕಾಯಿತು.

ನಡುವೆ ಹುಡುಗ ಒಂದು ಐಡಿಯಾ ಕೊಟ್ಟಿದ್ದ. "ಆ ಎರಡು ವಯರ್ ಸೇರಿಸಿಬಿಟ್ರೆ ಆಫೇ ಆಗಲ್ಲ ಅಲ್ವಾ ಅಣ್ಣಾ?" ಆಗುವುದಿಲ್ಲ ನಿಜ. ಬ್ರೇಕ್ ಒತ್ತಿದಾಗಲೂ ಆಗದೇ ಹೋಗಬಹುದು. ಅವನಿಗೆ ಸ್ವಲ್ಪ ಜೋರಾಗಿಯೇ ಹೇಳಿದೆ.

ಅಂದಹಾಗೆ, ಕ್ರೂಸ್ ಕಂಟ್ರೋಲ್ ಹುಟ್ಟಿದ ಕಥೆಯಲ್ಲೂ ಒಂದು ಪಕ್ಕದ ಸೀಟು ಬರುತ್ತದೆ. ಅದನ್ನು ರೂಪಿಸಿದ ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್‌ಗೆ ಬಾಲ್ಯದಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಅವರ ವಕೀಲರು ಗಾಡಿ ಓಡಿಸುತ್ತಾ ಮಾತಾಡುವಾಗ ನಿಧಾನ, ಕೇಳಿಸಿಕೊಳ್ಳುವಾಗ ಜೋರು ಮಾಡುತ್ತಿದ್ದರಂತೆ. ಆ ಜಗ್ಗಾಟ ತಡೆಯಲಾರದೆ ಟೀಟರ್ ಕೆಲಸ ಶುರು ಮಾಡಿದರು ಎನ್ನುತ್ತಾರೆ. 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರ ಕ್ರೈಸ್ಲರ್ ಕಾರುಗಳಲ್ಲಿ ಅದು ಬಂತು.

ಈಗ ಹಳೆ ಗಾಡಿ ಬಂದರೆ ಬಾನೆಟ್ ಎತ್ತುವ ಮೊದಲು ಜಾಸ್ತಿ ಪ್ರಶ್ನೆ ಕೇಳುತ್ತೇನೆ. ಪಟ್ಟಂತ ಹೋಗುತ್ತದಾ, ಮೆಲ್ಲಗೆ ಸೋಲುತ್ತದಾ? ರೆಸ್ಯೂಮ್ ಒತ್ತಿದರೆ ಬರುತ್ತದಾ? ಹಾರ್ನ್ ಕೂಡ ಸತ್ತು ಏರ್‌ಬ್ಯಾಗ್ ದೀಪ ಉರಿಯುತ್ತಿದ್ದರೆ ಸ್ಟೀರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್ ಎಂಬ ವಯರ್ ಸುರುಳಿಯ ಕಡೆ ಕೈಹಾಕುತ್ತೇನೆ, ಅದೂ ಬ್ಯಾಟರಿ ಕಳಚಿ ಸ್ವಲ್ಪ ಹೊತ್ತು ಕಾದ ಮೇಲೆ. ಸ್ಪೀಡೋಮೀಟರ್ ಮುಳ್ಳು ಕುಣಿಯುತ್ತಿದ್ದರೆ ಸ್ಪೀಡ್ ಸೆನ್ಸರ್. ಇತ್ತೀಚೆಗೆ ಹಿಂದಿನ ಬಲ್ಬ್ ತೆಗೆದು ಎಲ್‌ಇಡಿ ಹಾಕಿಸಿದ್ದೀರಾ ಅಂತಲೂ ಕೇಳುತ್ತೇನೆ. ಕೆಲವು ಹಳೆ ಮಾಡ್ಯೂಲ್‌ಗಳು ಬ್ರೇಕ್ ಬಲ್ಬಿನ ಒಳಗಿನ ತಂತಿಯ ಮೂಲಕವೇ ಅರ್ಥ್ (ಕರೆಂಟ್ ವಾಪಸ್ ಹೋಗುವ ದಾರಿ) ಹುಡುಕುತ್ತವೆ, ಎಲ್‌ಇಡಿ ಹಾಕಿ ಅದು ಸಿಗದಿದ್ದರೆ ಕ್ರೂಸ್ ಹಿಡಿಯುವುದೇ ಇಲ್ಲ.

ಆಕ್ಚುಯೇಟರ್ ಹಣ ಮೇಡಂಗೆ ವಾಪಸ್ ಕೊಟ್ಟೆವು. ಓನರ್ ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಬಿಚ್ಚಿದ್ದ ಹಳೆ ಡಬ್ಬಿ ಈಗಲೂ ನನ್ನ ಶೆಲ್ಫ್ ಮೇಲಿದೆ, ಮೇಲೆ ನಾನೇ ಮಾರ್ಕರಿನಲ್ಲಿ ಬರೆದ "ಹಾಳು" ಸಮೇತ. ಮೊನ್ನೆ ಬಿಡುವಿದ್ದಾಗ ಅದರ ವಾಲ್ವ್‌ಗಳಿಗೆ ಕರೆಂಟ್ ಕೊಟ್ಟು ವ್ಯಾಕ್ಯೂಮ್ ಹ್ಯಾಂಡ್‌ಪಂಪ್ ಹಚ್ಚಿ ನೋಡಿದೆ. ಐದು ನಿಮಿಷವಾದರೂ ಗೇಜ್ ಮುಳ್ಳು ಇಳಿಯಲಿಲ್ಲ.