ಅಪ್ಪಿಯಾ ಹಾದಿಯಿಂದ ಮೊಂಜಾವರೆಗೆ

ರೋಮ್ ನಗರದ ಪಾಲಟೈನ್ ಮತ್ತು ಅವೆಂಟೈನ್ ಗುಡ್ಡಗಳ ನಡುವಿನ, ಒಂದು ಕಾಲದ ರಥಗಳ ಓಟದ ಅಂಗಣ ಸರ್ಕಸ್ ಮ್ಯಾಕ್ಸಿಮಸ್ ಇಂದು ಹುಲ್ಲು ಬೆಳೆದ ಉದ್ದನೆಯ ತಗ್ಗು. ಲಕ್ಷಕ್ಕೂ ಮಿಕ್ಕಿ ಜನ ರಥದೋಟ ನೋಡುತ್ತಿದ್ದ ಆ ಜಾಗದಲ್ಲಿ ಕಾಣಲು ಉಳಿದಿರುವುದು ಕಡಿಮೆ. ಓಟದ ಸೂಕ್ಷ್ಮಗಳನ್ನು ತಿಳಿಯಬಯಸುವವರು ಪ್ರಾಚೀನ ಅಪ್ಪಿಯಾ ಹಾದಿಯ ಪಕ್ಕದ, ರೋಮ್ ಚಕ್ರವರ್ತಿ ಮ್ಯಾಕ್ಸೆಂಟಿಯಸ್‌ನ ಸರ್ಕಸ್‌ಗೆ ಹೋಗುವುದೇ ಮೇಲು.

ನಾನು ಅಲ್ಲಿಗೆ ಹೋದಾಗ ಮೊದಲು ಕಂಡದ್ದು ಎರಡು ಪಾಳು ಗೋಪುರಗಳು. 4ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಈ ಅಂಗಣದಲ್ಲಿ, ಅವುಗಳ ನಡುವೆ 12 ಹೊರಡುಬಾಗಿಲುಗಳು ಬಿಲ್ಲಿನಂತೆ ಬಾಗಿ ನಿಂತಿದ್ದವು. ಯಾವ ಬಾಗಿಲಿನಿಂದ ಹೊರಟರೂ ಪೈಪೋಟಿ ಶುರುವಾಗುವ ಗೆರೆಗೆ ಸಮದೂರವಿರಲಿ ಎಂಬುದೇ ಆ ಬಾಗಿನ ಉದ್ದೇಶ. ಪಥದ ಮಧ್ಯದ ಗೋಡೆಯನ್ನೂ ತುಸು ಓರೆಯಾಗಿ ಕಟ್ಟಿ, ರಥಗಳೆಲ್ಲ ಒಟ್ಟಿಗೆ ನುಗ್ಗುವ ಆರಂಭದ ಭಾಗವನ್ನು ಅಗಲವಾಗಿಸಿದ್ದಾರೆ. ರೋಮನ್ನರು ಬಾಗಿಲುಗಳನ್ನು ಚೀಟಿ ಎತ್ತಿ ಹಂಚುತ್ತಿದ್ದರೆ, ಇಂದಿನ ಕಾರು ಓಟವಾದ ಫಾರ್ಮುಲಾ ಒನ್‌ನಲ್ಲಿ ಅರ್ಹತಾ ಸುತ್ತಿನ ವೇಗವೇ ಹೊರಡುವ ಸ್ಥಾನವನ್ನು ನಿರ್ಧರಿಸುತ್ತದೆ. ಮೊದಲ ತಿರುವನ್ನು ಯಾರು ಮುಂದಾಗಿ ಹಿಡಿಯುವರೆಂಬ ಕಳವಳ ಮಾತ್ರ ಎರಡರಲ್ಲೂ ಒಂದೇ.

ಏಳು ಸುತ್ತಿನ ಆ ಓಟದಲ್ಲಿ ತಿರುವುಗಳೆಲ್ಲ ಎಡಕ್ಕೇ. ಸಾರಥಿ ಲಗಾಮನ್ನು ಸೊಂಟಕ್ಕೆ ಸುತ್ತಿಕೊಂಡು, ರಥ ಮಗುಚಿದರೆ ಅದನ್ನು ಕತ್ತರಿಸಿಕೊಳ್ಳಲು ಚೂರಿಯೊಂದನ್ನು ಇಟ್ಟುಕೊಳ್ಳುತ್ತಿದ್ದ. ಅವನ ಹಿಂದೆ ಕುದುರೆಲಾಯ, ತರಬೇತುದಾರರು, ವೈದ್ಯರು, ಕುಶಲಕರ್ಮಿಗಳನ್ನು ಹೊಂದಿದ ಇಡೀ ಸಂಸ್ಥೆಯೇ ಇರುತ್ತಿತ್ತು. ಕೆಂಪು, ಬಿಳಿ, ನೀಲಿ, ಹಸಿರು ಬಣ್ಣಗಳ ಈ ತಂಡಗಳೇ ನನಗೆ ಇಂದಿನ ರೇಸಿಂಗ್ ತಂಡಗಳ ನಿಜವಾದ ಪೂರ್ವಜರಂತೆ ಕಾಣುತ್ತವೆ. ಇಂದಿನ ಪೋರ್ಚುಗಲ್ ಭಾಗದ ಲುಸಿಟಾನಿಯಾದ ಸಾರಥಿ ಡಿಯೋಕ್ಲಿಸ್ ಕ್ರಿ.ಶ. 122ರಲ್ಲಿ ಬಿಳಿ ತಂಡದಿಂದ ಆರಂಭಿಸಿ, ಹಸಿರಿಗೆ ಹೋಗಿ, ಕೊನೆಗೆ ಕೆಂಪು ತಂಡ ಸೇರಿ, 24 ವರ್ಷಗಳಲ್ಲಿ 4,257 ಓಟಗಳ ಪೈಕಿ 1,462ರಲ್ಲಿ ಗೆದ್ದನೆಂದು ಶಾಸನವೊಂದು ಲೆಕ್ಕ ಕೊಡುತ್ತದೆ. ಹಿಂದಿನ ಶತಮಾನದ ಮೋಟಾರ್ ಓಟಗಳಲ್ಲಿ ಇಟಲಿಗೆ ಕೆಂಪು, ಫ್ರಾನ್ಸಿಗೆ ನೀಲಿ, ಬ್ರಿಟನ್ನಿಗೆ ಹಸಿರು, ಜರ್ಮನಿಗೆ ಬಿಳಿ ಬಣ್ಣ ಸಂದದ್ದು ಕಾಕತಾಳೀಯವೇ ಇರಬೇಕು, ಆದರೂ ಸೊಗಸಾಗಿದೆ.

ಮಿಲಾನ್‌ನಿಂದ ರೈಲಿನಲ್ಲಿ ಮೊಂಜಾಕ್ಕೆ ಬಂದಾಗ ಓಟದ ಗದ್ದಲವಿರಲಿಲ್ಲ. 1922ರಲ್ಲಿ ತೆರೆದ ಇಲ್ಲಿನ ಕಾರು ಓಟದ ಪಥ ವಿಶಾಲವಾದ ಉದ್ಯಾನದೊಳಗಿದೆ. ಈಗ ಬಳಕೆಯಲ್ಲಿಲ್ಲದ ಹಳೆಯ ಇಳಿಜಾರು ತಿರುವು ಎಷ್ಟು ಕಡಿದಾಗಿದೆಯೆಂದರೆ ಅದನ್ನು ನಡೆದು ಹತ್ತುವುದೇ ಕಷ್ಟ. ಹೋಲಿಕೆ ಇಲ್ಲಿ ಕವಲೊಡೆಯುತ್ತದೆ. ಸಾರಥಿಗಳಲ್ಲಿ ಬಹಳಷ್ಟು ಜನ ಗುಲಾಮರು. 2,048 ಬಾರಿ ಗೆದ್ದ ಸ್ಕಾರ್ಪಸ್ ಇಪ್ಪತ್ತೇಳರ ಆಸುಪಾಸಿನಲ್ಲೇ ತೀರಿಕೊಂಡ. ಮೊಂಜಾದಲ್ಲಿ 1961ರ ಅಪಘಾತ ಚಾಲಕ ಫಾನ್ ಟ್ರಿಪ್ಸ್ ಜೊತೆಗೆ 15 ಪ್ರೇಕ್ಷಕರನ್ನೂ ಬಲಿ ತೆಗೆದುಕೊಂಡಿತ್ತು. 1972ರಲ್ಲಿ ವೇಗ ತಗ್ಗಿಸಲೆಂದು ನೇರ ಹಾದಿಗಳಲ್ಲಿ ಅಂಕುಡೊಂಕು ತಿರುವುಗಳನ್ನು ಸೇರಿಸಿದರು. ಆದರೆ ಹೊರಟ ಕೂಡಲೇ ಕಾರುಗಳೆಲ್ಲ ಒತ್ತೊತ್ತಾಗಿ ನುಗ್ಗಿ ಒಂದಕ್ಕೊಂದು ತಾಗುವುದೂ ಅಂಥ ಮೊದಲ ತಿರುವಿನಲ್ಲೇ, ಮತ್ತು ಪ್ರೇಕ್ಷಕರ ಅಟ್ಟಣಿಗೆಗಳು ಅದಕ್ಕೇ ಮುಖ ಮಾಡಿ ನಿಂತಿವೆ.